ಹಲಗೆಗೆ ಕಟ್ಟಿದ ಕ್ಯಾಮೆರಾ

ಪತ್ರಿಕೋದ್ಯಮ ಓದುತ್ತಿದ್ದ ಕಾಲದಲ್ಲಿ ನಮಗೊಂದು ಅಸೈನ್‌ಮೆಂಟ್ ಬಂದಿತ್ತು. ಒಂದು ದೆವ್ವದ ಸಿನಿಮಾದ ಮೊದಲ ಎರಡು ನಿಮಿಷವನ್ನು ಮಾತ್ರ ಮಾಡಿ ತೋರಿಸಬೇಕು. ಪೂರ್ತಿ ಕತೆ ಬೇಡ, ಟೈಟಲ್ ಬರುವ ಭಾಗ ಸಾಕು. ಇಂಗ್ಲೆಂಡಿನಲ್ಲಿ ಮೀಡಿಯಾ ಸ್ಟಡೀಸ್ ಓದುವ ಹದಿನಾರು ಹದಿನೇಳರ ಮಕ್ಕಳಿಗೆ ಎಷ್ಟೋ ವರ್ಷ ಇದೇ ಪ್ರಾಕ್ಟಿಕಲ್ ಇತ್ತು, ಎರಡು ನಿಮಿಷ ದಾಟಬಾರದು ಎಂಬ ನಿಯಮವೂ ಅಲ್ಲಿತ್ತು ಎಂದು ನಮಗೆ ತಿಳಿದದ್ದು ಆಮೇಲೆ.

ನಾವು ಐದು ಜನ. ಇದ್ದದ್ದು ಒಂದು ಫೋನು. ನಮ್ಮಲ್ಲೊಬ್ಬನ ಊರಿನ ಹೊಲದಲ್ಲಿ ಪಾಳು ಬಿದ್ದ ಪಂಪ್‌ಸೆಟ್ ಮನೆ ಇತ್ತು, ಅದೇ ನಮ್ಮ ದೆವ್ವದ ಮನೆ. ಗೆಳತಿಯೊಬ್ಬಳಿಗೆ ಬಿಳಿ ಸೀರೆ ಉಡಿಸಿ, ಮುಖಕ್ಕೆ ಒಂದು ಡಬ್ಬಿ ಪೌಡರ್ ಮೆತ್ತಿ, ಕೂದಲು ಬಿಟ್ಟು ನಿಲ್ಲಿಸಿದೆವು. ಬಾಯಿಗೆ ಕುಂಕುಮದ ನೀರು. ಎರಡು ರಾತ್ರಿ ಸೊಳ್ಳೆ ಕಡಿಸಿಕೊಂಡು ಶೂಟ್ ಮಾಡಿ ಕ್ಲಾಸಿನಲ್ಲಿ ತೋರಿಸಿದರೆ, ಎರಡು ನಿಮಿಷದ ಸಿನಿಮಾಕ್ಕೆ ಮೂರು ನಿಮಿಷ ನಕ್ಕರು. ಪಾಠ ಮಾಡುತ್ತಿದ್ದವರು ಹೇಳಿದ್ದು ಒಂದೇ ಮಾತು: ನಿಮ್ಮ ದೆವ್ವ ಬರುವ ತನಕ ಸ್ವಲ್ಪ ಹೆದರಿಕೆ ಇತ್ತು, ಬಂದ ಮೇಲೆ ಹೋಯಿತು.

ಆ ಸಂಜೆ ಸೀನಿಯರ್ ಒಬ್ಬರು ಒಂದು ಹಳೇ ಅಮೆರಿಕನ್ ಸಿನಿಮಾದ ಆರಂಭ ತೋರಿಸಿದರು. ಹೆಸರು ‘ದಿ ಈವಿಲ್ ಡೆಡ್’. ಅದರ ಮೊದಲ ಶಾಟಿನಲ್ಲಿ ದೆವ್ವವೇ ಇಲ್ಲ. ಮಂಜು ಕವಿದ ಒಂದು ಕೆರೆ, ಅದರ ಮೇಲೆ ಏನೋ ಒಂದು ತೇಲಿಕೊಂಡು ಬರುತ್ತದೆ. ಆ ‘ಏನೋ’ ನಮಗೆ ಕಾಣುವುದಿಲ್ಲ, ಯಾಕೆಂದರೆ ನಾವು ಅದರ ಕಣ್ಣಿನಿಂದಲೇ ನೋಡುತ್ತಿರುತ್ತೇವೆ. ಇಷ್ಟೇ. ರೂಮಿನಲ್ಲಿ ಲೈಟ್ ಹಾಕಿ ಎಂದು ಒಬ್ಬ ಕೂಗಿದ.

ಇದನ್ನು ಮಾಡಿದವರು ಯಾರು ಎಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ನಮ್ಮ ವಯಸ್ಸಿನವರ ಕತೆ. ಕೈಯಲ್ಲಿ ಕಾಸಿಲ್ಲದ, ಸಿನಿಮಾ ಶಾಲೆಯ ಮೆಟ್ಟಿಲು ಹತ್ತದ ಮೂವರು ಹುಡುಗರು. ಅವರು ಮೊದಲು ಮಾಡಿದ್ದೂ ಒಂದು ಚಿಕ್ಕ ಸಿನಿಮಾ, ಒಂದು ಥರದ ಆರಂಭವೇ. ಅದನ್ನು ಇಟ್ಟುಕೊಂಡು ಮನೆ ಮನೆ ತಿರುಗಿ ದುಡ್ಡು ಕೇಳಿದರು. ಆ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಜಾಗ ಅಮೆರಿಕದ ಮಿಷಿಗನ್ ರಾಜ್ಯ. ಕಾರು ಕಾರ್ಖಾನೆಗಳ ನಗರ ಡೆಟ್ರಾಯಿಟ್ ಇರುವುದು ಅಲ್ಲೇ. ಅದರ ಹೊರವಲಯದಲ್ಲಿ 1959ರಲ್ಲಿ ಹುಟ್ಟಿದವನು ಸ್ಯಾಮ್ ರೈಮಿ. ಅಪ್ಪನಿಗೆ ಪೀಠೋಪಕರಣದ ಅಂಗಡಿ, ಅಮ್ಮನಿಗೆ ಹೆಂಗಸರ ಬಟ್ಟೆಯ ಅಂಗಡಿ. ಅಪ್ಪ ಮನೆಯ ಹುಟ್ಟುಹಬ್ಬಗಳನ್ನು ಸಣ್ಣ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಆಗಿಹೋದದ್ದನ್ನು ಮತ್ತೆ ನೋಡಬಹುದು, ಹಿಂದುಮುಂದು ಮಾಡಿಯೂ ನೋಡಬಹುದು ಅನ್ನುವುದೇ ಆ ಹುಡುಗನಿಗೆ ದೊಡ್ಡ ಮಾಯೆಯಾಗಿ ಕಂಡಿತು. ಹೈಸ್ಕೂಲಿನ ನಾಟಕದ ಕ್ಲಾಸಿನಲ್ಲಿ ಅವನಿಗಿಂತ ಒಂದು ವರ್ಷ ದೊಡ್ಡವನಾದ ಬ್ರೂಸ್ ಕ್ಯಾಂಬೆಲ್ ಸಿಕ್ಕಿದ. ನೋಡಲು ಚೆನ್ನಾಗಿದ್ದ, ಬೀಳು ಅಂದರೆ ಬೀಳುತ್ತಿದ್ದ, ಹೊಡೆಸಿಕೋ ಅಂದರೆ ಹೊಡೆಸಿಕೊಳ್ಳುತ್ತಿದ್ದ. ನಟನಾಗಲು ಇಷ್ಟು ಸಾಕಿತ್ತು.

ಇಲ್ಲಿ ಆ ಕಾಲದ ಕ್ಯಾಮೆರಾದ ಬಗ್ಗೆ ಸ್ವಲ್ಪ ಹೇಳಬೇಕು. ಈಗ ಫೋನಿನಲ್ಲಿ ಗಂಟೆಗಟ್ಟಲೆ ವಿಡಿಯೋ ಹಿಡಿದು ಬೇಡವಾದರೆ ಅಳಿಸುವ ನಮಗೆ ಅದು ಅರ್ಥವಾಗುವುದು ಕಷ್ಟ. 1965ರಲ್ಲಿ ಕೊಡಾಕ್ ಕಂಪನಿ ‘ಸೂಪರ್ 8’ ಎಂಬ ಫಿಲ್ಮ್ ತಂದಿತು. ಮನೆ ಮಂದಿ ಬಳಸಲೆಂದೇ ಮಾಡಿದ್ದು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ 50 ಅಡಿ ರೀಲು, ಅದನ್ನು ಕ್ಯಾಮೆರಾದೊಳಗೆ ತಳ್ಳಿದರೆ ಮುಗಿಯಿತು. ಆದರೆ ಆ 50 ಅಡಿ ಮೂರು ನಿಮಿಷದ ಆಸುಪಾಸಿನಲ್ಲಿ ಖಾಲಿ. ಆಮೇಲೆ ತೊಳೆಯಲು ಲ್ಯಾಬಿಗೆ ಕಳಿಸಬೇಕು, ದಿನಗಟ್ಟಲೆ ಕಾಯಬೇಕು. ತಪ್ಪಾಗಿದ್ದರೆ ಗೊತ್ತಾಗುವುದು ಆಗಲೇ, ದುಡ್ಡು ಹೋದ ಮೇಲೆ. ಹಾಗಾಗಿ ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚಿಸುವುದು ಆ ಹುಡುಗರಿಗೆ ತಾನಾಗಿ ಬಂತು. ಹುಲ್ಲು ಕತ್ತರಿಸಿ, ಚೂರುಪಾರು ಕೆಲಸ ಮಾಡಿ ರೀಲು ಕೊಳ್ಳುವ ಹುಡುಗರು ಆಗ ಅಮೆರಿಕದ ಊರೂರಲ್ಲೂ ಇದ್ದರು.

ಇವರು ಮಾಡುತ್ತಿದ್ದದ್ದು ಹೆದರಿಸುವ ಸಿನಿಮಾ ಅಲ್ಲ, ನಗಿಸುವ ಸಿನಿಮಾ. ‘ತ್ರೀ ಸ್ಟೂಜಸ್’ ಎಂಬ ಹಳೇ ಹಾಸ್ಯ ತಂಡದ ಪರಮ ಭಕ್ತರು. ಮುಖಕ್ಕೆ ಕೇಕ್ ಬಡಿಯುವುದು, ಕಣ್ಣಿಗೆ ಬೆರಳು ಹಾಕುವುದು, ಮೆಟ್ಟಿಲಿಂದ ಉರುಳುವುದು. ರೈಮಿಗೆ ದೆವ್ವದ ಸಿನಿಮಾ ಕಂಡರೆ ಭಯ, ನೋಡಲು ಇಷ್ಟವೇ ಇರಲಿಲ್ಲ ಎಂದು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಭಯಪಡುವವನೇ ಭಯ ಹುಟ್ಟಿಸಬಲ್ಲ ಎಂದು ನಮಗೆ ಅನ್ನಿಸುತ್ತದೆ. ಯಾವ ಮೂಲೆಯಲ್ಲಿ ಎದೆ ಝಲ್ಲೆನ್ನುತ್ತದೆ ಎಂದು ಗೊತ್ತಿರುವುದು ಅವನಿಗೇ ತಾನೆ.

ಮುಂದೆ ರೈಮಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದ. ಅಲ್ಲಿ ಅವನ ಅಣ್ಣ ಐವನ್‌ನ ರೂಮ್‌ಮೇಟ್ ಆಗಿದ್ದವನು ರಾಬರ್ಟ್ ಟ್ಯಾಪರ್ಟ್. ಮೂವರೂ ಸೇರಿ ಕ್ಯಾಂಪಸ್ಸಿನಲ್ಲಿ ಒಂದು ಸಿನಿಮಾ ಸಂಘ ಕಟ್ಟಿ, ತಾವು ಮಾಡಿದ್ದನ್ನು ಟಿಕೆಟ್ ಇಟ್ಟು ತೋರಿಸತೊಡಗಿದರು. 1977ರಲ್ಲಿ ‘ಇಟ್ಸ್ ಮರ್ಡರ್!’ ಎಂಬ ಉದ್ದದ ಹಾಸ್ಯ ಸಿನಿಮಾ ಮಾಡಿದರು. ನೆಲಕಚ್ಚಿತು. ಆದರೆ ಅದರಲ್ಲಿದ್ದ ಒಂದು ಸಸ್ಪೆನ್ಸ್ ದೃಶ್ಯ ಮಾತ್ರ ಕೆಲಸ ಮಾಡಿತು, ಜನ ಬೆಚ್ಚಿದರು. ಇಡೀ ಸಿನಿಮಾಕ್ಕೆ ನಗದವರು ಒಂದು ಕ್ಷಣಕ್ಕೆ ಬೆಚ್ಚಿದರಲ್ಲ, ಅದನ್ನು ಅವನು ಹಿಡಿದುಕೊಂಡ. ನಗುವಿಗೂ ಬೆಚ್ಚುವಿಕೆಗೂ ಬೇಕಾದ ಲೆಕ್ಕ ಒಂದೇ: ಎಷ್ಟು ಹೊತ್ತು ತಡೆಯಬೇಕು, ಯಾವಾಗ ಬಿಡಬೇಕು. ನಮ್ಮೂರಿನ ನಾಟಕದ ಹಾಸ್ಯ ಪಾತ್ರಧಾರಿಗಳಿಗೂ ಈ ಲೆಕ್ಕ ಗೊತ್ತು.

ಟ್ಯಾಪರ್ಟ್ ವ್ಯವಹಾರದ ಮನುಷ್ಯ. ಹೆಸರಿಲ್ಲದವರು, ಸ್ಟಾರ್ ಇಲ್ಲದವರು ದುಡ್ಡು ವಾಪಸ್ ತರಬಹುದಾದ ಸಿನಿಮಾ ಯಾವುದು? ದೆವ್ವದ ಸಿನಿಮಾ. ಅದಕ್ಕೆ ಸ್ಟಾರ್ ಬೇಡ. ಆಗ ಅಮೆರಿಕದಲ್ಲಿ ಡ್ರೈವ್-ಇನ್ ಥಿಯೇಟರುಗಳಿದ್ದವು. ಬಯಲಿನಲ್ಲಿ ದೊಡ್ಡ ಪರದೆ, ಜನ ಕಾರಿನಲ್ಲೇ ಕೂತು ನೋಡುವುದು. ಹುಡುಗರು ಅಲ್ಲಿ ಹೋಗಿ ಒಂದಾದ ಮೇಲೊಂದು ಹಾರರ್ ಸಿನಿಮಾ ನೋಡಿದರು. ಪಾಠ ಹೇಳುವವರು ಯಾರೂ ಇಲ್ಲ, ಪರದೆಯೇ ಪಾಠ.

1978ರ ವಸಂತದಲ್ಲಿ ಅವರು ಮಾಡಿದ್ದೇ ‘ವಿದಿನ್ ದಿ ವುಡ್ಸ್’. ಸೂಪರ್ 8ರಲ್ಲೇ. ಟ್ಯಾಪರ್ಟ್ ಮನೆಯವರಿಗೆ ಮಾರ್ಷಲ್ ಎಂಬ ಊರಿನ ಬಳಿ ಒಂದು ತೋಟದ ಮನೆ ಇತ್ತು, ಅದೇ ಲೊಕೇಶನ್. ಕೆಲವೇ ದಿನಗಳ ಶೂಟಿಂಗ್, ಸುಮಾರು ಅರ್ಧ ಗಂಟೆಯ ಸಿನಿಮಾ. ಕಾಡಿನ ಮನೆಗೆ ಬಂದ ಗೆಳೆಯರಲ್ಲಿ ಒಬ್ಬನಿಗೆ ದುಷ್ಟ ಶಕ್ತಿ ಹಿಡಿಯುತ್ತದೆ, ಉಳಿದವರ ಮೇಲೆ ಬೀಳುತ್ತಾನೆ. ಹಿಡಿಸಿಕೊಳ್ಳುವವನು ಬ್ರೂಸ್, ಓಡುವವಳು ಎಲೆನ್ ಸ್ಯಾಂಡ್‌ವೈಸ್. ಒಟ್ಟು ಖರ್ಚು 1,600 ಡಾಲರ್. ಡಾಲರಿಗೆ ಆಗ ಸುಮಾರು 8 ರೂಪಾಯಿ ಇತ್ತು, ಅಂದರೆ ಆಗಿನ 13 ಸಾವಿರ ರೂಪಾಯಿ.

ಇದನ್ನು ಅವರು ಸಿನಿಮಾ ಎಂದು ಮಾಡಲಿಲ್ಲ, ನಮೂನೆ ಎಂದು ಮಾಡಿದರು. ಬಟ್ಟೆ ಅಂಗಡಿಯವನು ತೋರಿಸುವ ತುಂಡು ಬಟ್ಟೆಯ ಹಾಗೆ. ಇದನ್ನು ನೋಡಿ, ಇಷ್ಟವಾದರೆ ಪೂರ್ತಿ ಥಾನು ನೇಯಲು ದುಡ್ಡು ಕೊಡಿ.

ದುಡ್ಡು ಕೇಳುವ ಭಾಗವೇ ನಮಗೆ ಹೆಚ್ಚು ಹತ್ತಿರವೆನಿಸಿತು. ಮೊದಲು ಹೋದದ್ದು ಫಿಲ್ ಗಿಲ್ಲಿಸ್ ಎಂಬ ವಕೀಲರ ಹತ್ತಿರ. ಅವರಿಗೆ ಸಿನಿಮಾ ಹಿಡಿಸಲಿಲ್ಲ. ಆದರೂ ಹುಡುಗರನ್ನು ಓಡಿಸದೆ, ಜನರಿಂದ ಬಂಡವಾಳ ತೆಗೆದುಕೊಳ್ಳುವುದಕ್ಕೆ ಕಾನೂನಿನ ದಾರಿ ಹೇಗೆ ಎಂದು ತಿಳಿಸಿಕೊಟ್ಟರು. ಅಲ್ಲಿಂದ ಶುರುವಾಯಿತು ತಿರುಗಾಟ. ಸೂಟು ಹೊಲಿಸಿಕೊಂಡು, ಬ್ರೀಫ್‌ಕೇಸ್ ಹಿಡಿದು, ಪ್ರೊಜೆಕ್ಟರ್ ಹೊತ್ತು, ಮೀಸೆ ಸರಿಯಾಗಿ ಚಿಗುರದ ಹುಡುಗರು ಡಾಕ್ಟರು, ಹಲ್ಲಿನ ಡಾಕ್ಟರು, ವ್ಯಾಪಾರಿಗಳ ಬಾಗಿಲು ತಟ್ಟಿದರು. ಬ್ರೂಸ್ ತನ್ನ ನೆಂಟರಿಷ್ಟರನ್ನೇ ಕೇಳಿದ. ರೈಮಿ ಕಂಡ ಕಂಡವರನ್ನೆಲ್ಲ ಕೇಳಿದ, ಕೆಲವರಲ್ಲಿ ಬೇಡಿದ. ಗೋಡೆಗೆ ಪರದೆ ಕಟ್ಟಿ ಮನೆಯ ಹಾಲಿನಲ್ಲಿ ರಕ್ತ ಹರಿಯುವ ಸಿನಿಮಾ ತೋರಿಸಿ, ಮುಗಿದ ಮೇಲೆ ಲೈಟ್ ಹಾಕಿ, ‘ಸಾರ್, ಎಷ್ಟು ಬರೆದುಕೊಳ್ಳಲಿ’ ಎಂದು ಕೇಳುವ ಕೆಲಸ. ಜಾತ್ರೆಯ ನಾಟಕಕ್ಕೆ ರಸೀದಿ ಪುಸ್ತಕ ಹಿಡಿದು ವಂತಿಗೆ ಎತ್ತಿದವರಿಗೆ ಆ ಸಂಕೋಚ ಗೊತ್ತು. ಆದರೆ ವಂತಿಗೆ ಕೊಟ್ಟವರು ವಾಪಸ್ ಕೇಳುವುದಿಲ್ಲ. ಇವರು ತಂದದ್ದು ವಾಪಸ್ ಕೊಡಬೇಕಾದ ದುಡ್ಡು, ಅದೂ ದಿನ ಬೆಳಗಾದರೆ ಎದುರಾಗುವ ಜನರ ದುಡ್ಡು.

ಕೇಳಿದಷ್ಟು ಸಿಗಲಿಲ್ಲ. ಸುಮಾರು 90 ಸಾವಿರ ಡಾಲರ್ ಕೂಡಿತು. ಓದನ್ನು ಅರ್ಧಕ್ಕೆ ಬಿಟ್ಟು, ಇಪ್ಪತ್ತು ತುಂಬಿ ಒಂದು ತಿಂಗಳೂ ಆಗದ ರೈಮಿ 1979ರ ನವೆಂಬರಿನಲ್ಲಿ ಟೆನೆಸಿ ರಾಜ್ಯದ ಮಾರಿಸ್‌ಟೌನ್‌ಗೆ ತಂಡ ಕಟ್ಟಿಕೊಂಡು ಹೋದ. ದಕ್ಷಿಣಕ್ಕೆ ಹೋದರೆ ಚಳಿ ಕಡಿಮೆ ಎಂಬ ನಂಬಿಕೆ ಬೇರೆ. ಆ ವರ್ಷ ಅಲ್ಲೇ ಚಳಿ ಕೊರೆಯಿತು.

ಸಿಕ್ಕಿದ್ದು ಊರಾಚೆ ಕಾಡಿನಲ್ಲಿ ಒಂದು ಪಾಳು ಮರದ ಮನೆ. ಬಾಗಿಲು ತೆರೆದೇ ಇದ್ದು ದನಗಳು ಒಳಗೆಲ್ಲ ಓಡಾಡಿ ನೆಲದ ತುಂಬ ಸಗಣಿ. ಅದನ್ನು ಬಾಚಿ, ತೊಳೆದು, ಹದಿಮೂರು ಜನ ಅಲ್ಲೇ ಮಲಗಿದರು. ಕತೆಗೆ ನೆಲಮಾಳಿಗೆ ಬೇಕಿತ್ತು, ಈ ಮನೆಗೆ ಇರಲಿಲ್ಲ. ಅದನ್ನು ಆಮೇಲೆ ಮಾರ್ಷಲ್‌ನ ಅದೇ ತೋಟದ ಮನೆಯಲ್ಲಿ ತೆಗೆದರು. ಆರು ವಾರದಲ್ಲಿ ಮುಗಿಯಬೇಕಾದದ್ದು ಹನ್ನೆರಡು ವಾರ ಎಳೆಯಿತು. ಕಡೇ ದಿನಗಳಲ್ಲಿ ಹೊರಗಿನ ದೃಶ್ಯ ಮಾತ್ರ ಬಾಕಿ ಇದ್ದಾಗ, ಚಳಿ ತಡೆಯಲಾಗದೆ ಸಿನಿಮಾಕ್ಕೆ ತಂದಿದ್ದ ಕುರ್ಚಿ ಮೇಜುಗಳನ್ನೇ ಒಡೆದು ಬೆಂಕಿಗೆ ಹಾಕಿದರು.

ಈಗ ಆ ಮೊದಲ ಶಾಟಿಗೆ ಬರೋಣ.

ಅದೇ ವರ್ಷಗಳಲ್ಲಿ ಹಾಲಿವುಡ್ಡಿಗೆ ಹೊಸ ಯಂತ್ರವೊಂದು ಬಂದಿತ್ತು, ಸ್ಟೆಡಿಕ್ಯಾಮ್. ಗ್ಯಾರೆಟ್ ಬ್ರೌನ್ ಎಂಬಾತ ಕಂಡುಹಿಡಿದದ್ದು. ಕ್ಯಾಮೆರಾಮನ್ ಮೈಗೆ ಕವಚದಂತೆ ತೊಟ್ಟುಕೊಂಡರೆ ಅವನು ಓಡಿದರೂ ಚಿತ್ರ ಕುಲುಕದು. 1976ರ ‘ರಾಕಿ’ ಸಿನಿಮಾದಲ್ಲಿ ಹೀರೋ ಮೆಟ್ಟಿಲು ಹತ್ತಿ ಓಡುವ ದೃಶ್ಯ ಅದರಲ್ಲೇ ತೆಗೆದದ್ದು. 1978ರಲ್ಲಿ ಬಂದ ಜಾನ್ ಕಾರ್ಪೆಂಟರ್‌ನ ‘ಹ್ಯಾಲೋವೀನ್’ ಅಂಥದ್ದೇ ಇನ್ನೊಂದು ಯಂತ್ರದಿಂದ ಆರಂಭದ ದೃಶ್ಯ ತೆಗೆದಿತ್ತು. ನಾವು ಯಾರದೋ ಕಣ್ಣಾಗಿ ಮನೆಯೊಳಗೆ ಹೋಗುತ್ತೇವೆ, ಚಾಕು ತೆಗೆದುಕೊಳ್ಳುತ್ತೇವೆ, ಕೊಲೆ ಮಾಡುತ್ತೇವೆ. ಹೊರಗೆ ಬಂದು ಮುಖವಾಡ ತೆಗೆದರೆ ಅವನು ಆರು ವರ್ಷದ ಹುಡುಗ. ಅದ್ಭುತ ಆರಂಭ, ಒಪ್ಪೋಣ. ಆದರೆ ಆ ಯಂತ್ರ ಬಾಡಿಗೆಗೆ ತರಲೂ ನಮ್ಮ ಮಿಷಿಗನ್ ಹುಡುಗರ ಹತ್ತಿರ ಕಾಸಿರಲಿಲ್ಲ.

ಅವರು ಮಾಡಿದ್ದು ಬಡಗಿ ಕೆಲಸ. ಒಂದು ಉದ್ದನೆ ಮರದ ಹಲಗೆ ತಂದು, ಅದರ ನಡುವೆ ಕ್ಯಾಮೆರಾ ಬಿಗಿದರು. ಹಲಗೆಯ ಆ ತುದಿ ಒಬ್ಬ, ಈ ತುದಿ ಒಬ್ಬ ಹಿಡಿದು ಕಾಡಿನಲ್ಲಿ ಓಡಿದರು. ಅಷ್ಟೇ. ಇದರ ಗುಟ್ಟು ಸರಳ. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಓಡಿದರೆ ಪ್ರತಿ ಹೆಜ್ಜೆಯ ಕುಲುಕೂ ಚಿತ್ರಕ್ಕೆ ಬರುತ್ತದೆ. ಉದ್ದ ಹಲಗೆಯ ಎರಡು ತುದಿಯಲ್ಲಿ ಇಬ್ಬರು ಹಿಡಿದಾಗ, ಒಬ್ಬನ ಹೆಜ್ಜೆಯ ಕುಲುಕು ನಡುವಿಗೆ ಬರುವ ಹೊತ್ತಿಗೆ ಅರ್ಧಕ್ಕೆ ಇಳಿದಿರುತ್ತದೆ. ಇಬ್ಬರು ಹೊರುವ ಅಡ್ಡೆಯ ನಡುವೆ ತೂಗುವ ಕೊಡ ನೋಡಿದ್ದೀರಲ್ಲ, ಹಾಗೆ. ಜೊತೆಗೆ ಕ್ಯಾಮೆರಾ ನೆಲಕ್ಕೆ ಗೇಣುದ್ದ ಹತ್ತಿರ ಇರುತ್ತದೆ. ಮನುಷ್ಯನ ಕಣ್ಣು ಆ ಎತ್ತರದಲ್ಲಿ ಇರುವುದಿಲ್ಲ. ಹಾಗಾಗಿ ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ, ಇದು ಮನುಷ್ಯ ಅಲ್ಲ ಎಂದು ಒಳಗೆಲ್ಲೋ ತಿಳಿದುಬಿಡುತ್ತದೆ. ಹಾವಿನದೋ ನಾಯಿಯದೋ ಅಲ್ಲದ, ಆದರೆ ನೆಲ ಸವರಿಕೊಂಡು ಬರುವ ಯಾವುದೋ ಒಂದರ ಕಣ್ಣು.

ಕೆರೆಯ ಮೇಲಿನ ಶಾಟಿಗೆ ಹಲಗೆ ಆಗದು. ಅದಕ್ಕೆ ಸಣ್ಣ ದೋಣಿಯಲ್ಲಿ ರೈಮಿ ಕ್ಯಾಮೆರಾ ಹಿಡಿದು ಬಾಗಿ ಕೂತ, ಬ್ರೂಸ್ ಆ ಕೊರೆಯುವ ನೀರಿನಲ್ಲಿ ಇಳಿದು ಹಿಂದಿನಿಂದ ತಳ್ಳಿದ. ಸಿನಿಮಾದ ಹೀರೋ ತನ್ನ ಸಿನಿಮಾದ ದೆವ್ವವನ್ನು ತಾನೇ ತಳ್ಳಿಕೊಂಡು ಬರುತ್ತಿದ್ದಾನೆ! ಇದು ಗೊತ್ತಾದ ಮೇಲೆ ಆ ಶಾಟ್ ನೋಡಿದರೆ ನಗು ಬರಬೇಕು. ನಮಗೆ ಬರಲಿಲ್ಲ, ಈಗಲೂ ಹೆದರಿಕೆಯೇ ಆಗುತ್ತದೆ.

ಆರಂಭವನ್ನು ಜೋಡಿಸಿದ ರೀತಿಯೂ ಗಮನಿಸುವಂಥದ್ದು. ಒಂದು ಕಡೆ ಕೆರೆ, ಮಂಜು, ನೊಣದ ಗುಂಯ್‌ಗುಡುವಿಕೆ, ತೇಲಿ ಬರುವ ಆ ಕಣ್ಣು. ಇನ್ನೊಂದು ಕಡೆ ಬೆಟ್ಟದ ರಸ್ತೆಯಲ್ಲಿ ಹಳೇ ಕಾರಿನಲ್ಲಿ ನಗುತ್ತ ಬರುವ ಐವರು ಹುಡುಗ ಹುಡುಗಿಯರು, ನಕ್ಷೆ ಬಿಡಿಸಿಕೊಂಡು ಎಲ್ಲಿದ್ದೇವೆ ಎಂದು ಹುಡುಕುತ್ತಿದ್ದಾರೆ. ಇದು ಸ್ವಲ್ಪ, ಅದು ಸ್ವಲ್ಪ. ಕಣ್ಣು ಕಾಡಿನಿಂದ ರಸ್ತೆಯ ಕಡೆಗೆ ಬರುತ್ತಿದೆ, ಕಾರು ಮುಂದಕ್ಕೆ ಬರುತ್ತಿದೆ. ಇವೆರಡೂ ಸೇರುವ ಕಡೆ ಸ್ಟಿಯರಿಂಗ್ ತಾನಾಗಿ ಎಳೆದುಕೊಂಡು ಕಾರು ಎದುರಿನ ಲಾರಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪುತ್ತದೆ. ಯಾರಿಗೂ ಏನೂ ಆಗುವುದಿಲ್ಲ. ದೆವ್ವ ಕಾಣುವುದಿಲ್ಲ. ಆದರೆ ನಮಗೆ ಗೊತ್ತಿರುವ ಒಂದು ವಿಷಯ ಆ ಐವರಿಗೆ ಗೊತ್ತಿಲ್ಲ. ಭಯ ಹುಟ್ಟುವುದು ಅಲ್ಲಿ.

ಮನೆ ತಲುಪಿದ ಮೇಲೆ ಇನ್ನೂ ಒಂದು ಇದೆ. ಜಗಲಿಯಲ್ಲಿ ತೂಗುಹಾಕಿದ ಜೋಕಾಲಿ ತಾನಾಗಿ ಗೋಡೆಗೆ ಬಡಿಯುತ್ತಿರುತ್ತದೆ, ಧಡ್, ಧಡ್, ಧಡ್. ಒಬ್ಬ ಹೋಗಿ ಬಾಗಿಲ ಮೇಲಿಂದ ಬೀಗದ ಕೈ ತೆಗೆದುಕೊಂಡ ತಕ್ಷಣ ನಿಂತುಬಿಡುತ್ತದೆ. ಸದ್ದಿನಿಂದಲ್ಲ, ಸದ್ದು ನಿಂತದ್ದರಿಂದ ಮೈ ಜುಮ್ಮೆನ್ನುತ್ತದೆ. ಇದಕ್ಕೆ ತಗುಲಿದ ಖರ್ಚು ಒಂದು ಜೋಕಾಲಿ, ಅದನ್ನು ಮರೆಯಿಂದ ಎಳೆಯುವ ಒಬ್ಬ ಗೆಳೆಯ.

‘ಹ್ಯಾಲೋವೀನ್’ಗೂ ಇದಕ್ಕೂ ನಾವು ಕಂಡ ವ್ಯತ್ಯಾಸ ಇದು. ಅಲ್ಲಿ ಕಣ್ಣಿಗೆ ಕೊನೆಗೊಂದು ಮುಖ ಸಿಗುತ್ತದೆ. ಇಲ್ಲಿ ಸಿನಿಮಾ ಮುಗಿದರೂ ಸಿಗುವುದಿಲ್ಲ. ಕಡೇ ಶಾಟಿನಲ್ಲಿ ಅದೇ ಕಣ್ಣು ಕಾಡಿನಿಂದ ನುಗ್ಗಿ, ಮನೆಯ ಬಾಗಿಲುಗಳನ್ನು ದಾಟಿ, ಬೆಳಗಾಯಿತು, ಬದುಕಿದೆ ಎಂದು ಹೊರಗೆ ನಿಂತ ಬ್ರೂಸ್‌ನ ಬಾಯಿಯ ಮೇಲೆ ಬಂದು ಬೀಳುತ್ತದೆ. ದುಡ್ಡಿದ್ದಿದ್ದರೆ ಅವರು ಆ ದೆವ್ವಕ್ಕೆ ಮುಖ ಕೊಡುತ್ತಿದ್ದರೋ ಏನೋ. ಕೊಟ್ಟಿದ್ದರೆ ಅದು ನಮ್ಮ ಪೌಡರ್ ಹಚ್ಚಿದ ಗೆಳತಿಯ ಪಕ್ಕದಲ್ಲಿ ನಿಲ್ಲುತ್ತಿತ್ತು.

ಎಲ್ಲವನ್ನೂ ಹೊಗಳಿ ಬರೆದರೆ ಸುಳ್ಳಾಗುತ್ತದೆ. ಮುಂದೆ ಸಿನಿಮಾದಲ್ಲಿ ರಕ್ತದ ಹೊಳೆಯೇ ಇದೆ. ಜೋಳದ ಪಾಕಕ್ಕೆ ಬಣ್ಣ ಹಾಕಿ ಕೊಡಗಟ್ಟಲೆ ಮಾಡಿದ ರಕ್ತ, ಮೈಗಂಟಿದರೆ ತೆಗೆಯಲು ಗಂಟೆಗಟ್ಟಲೆ ಬೇಕಿತ್ತು. ದೆವ್ವ ಹಿಡಿದವರ ಬಿಳಿ ಕಣ್ಣಿಗೆ ಗಾಜಿನಷ್ಟು ದಪ್ಪದ ಲೆನ್ಸ್. ಹಾಕಲು ಹತ್ತು ನಿಮಿಷ, ಹಾಕಿದ ಮೇಲೆ ಕಾಲು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಕಣ್ಣಿಗೆ ಗಾಳಿಯಾಡುವುದಿಲ್ಲ. ಬೆಟ್ಸಿ ಬೇಕರ್ ಎಂಬ ನಟಿಯ ಮುಖದ ಮುಖವಾಡ ಕೀಳುವಾಗ ಅವಳ ಕಣ್ಣರೆಪ್ಪೆಯ ಕೂದಲೂ ಕಿತ್ತು ಬಂತು. ಗಾಯವಾದರೆ ಆಸ್ಪತ್ರೆ ದೂರ. ಕಾಲು ನೋಯಿಸಿಕೊಂಡ ಬ್ರೂಸ್‌ನನ್ನು ರೈಮಿ ಕಡ್ಡಿಯಿಂದ ತಿವಿದು ಆಟ ಕಟ್ಟಿದ್ದನ್ನು ಅವರು ಈಗ ನಗುತ್ತ ಹೇಳಿಕೊಳ್ಳುತ್ತಾರೆ. ಗೆಳೆಯರ ನಡುವೆ ಅದು ನಡೆಯಬಹುದು. ಪತ್ರಿಕೆಯ ಜಾಹೀರಾತು ನೋಡಿ ಬಂದ ಹೆಣ್ಣುಮಗಳಿಗೆ, ಕಾಡಿನ ನಡುವೆ, ಬೇಡ ಅನ್ನುವ ಧೈರ್ಯ ಎಷ್ಟಿರುತ್ತದೆ?

ಕಾಡಿನ ಬಳ್ಳಿಗಳು ಒಬ್ಬ ಹುಡುಗಿಯ ಮೇಲೆ ಅತ್ಯಾಚಾರ ಮಾಡುವ ದೃಶ್ಯವೂ ಈ ಸಿನಿಮಾದಲ್ಲಿದೆ. ಅದು ಅತಿಯಾಯಿತು, ಕ್ರೂರವಾಯಿತು ಎಂದು ರೈಮಿಯೇ ಮುಂದೆ ಒಪ್ಪಿಕೊಂಡ. ನಾವು ಅದನ್ನು ಓಡಿಸಿಕೊಂಡು ಮುಂದೆ ಹೋದೆವು. ಮೊದಲ ಐದು ನಿಮಿಷದಲ್ಲಿ ಏನನ್ನೂ ತೋರಿಸದೆ ಅಷ್ಟು ಹೆದರಿಸಿದವನಿಗೆ ಅದನ್ನು ತೋರಿಸುವ ಅಗತ್ಯವೇ ಇರಲಿಲ್ಲ.

1980ರ ಜನವರಿಯಲ್ಲಿ ಶೂಟಿಂಗ್ ನಿಂತಾಗ ದುಡ್ಡು ಮುಗಿದಿತ್ತು, ಸಿನಿಮಾ ಮುಗಿದಿರಲಿಲ್ಲ. ನಟರು ಮನೆಗೆ ಹೋದರು. ಉಳಿದ ದೃಶ್ಯಗಳಿಗೆ ಗೆಳೆಯರು, ತಮ್ಮಂದಿರು ಬೆನ್ನು ತೋರಿಸಿ ನಿಂತರು. ಮತ್ತೆ ಸಾಲ, ಮತ್ತೆ ಬಾಗಿಲು ತಟ್ಟುವುದು. ಬ್ರೂಸ್‌ನ ಮನೆಯವರು ತಮ್ಮ ಜಮೀನನ್ನೇ ಸಾಲಕ್ಕೆ ಭದ್ರತೆಯಾಗಿ ಇಟ್ಟರು. ಜಮೀನು ಅಡವಿಡುವುದು ಅಂದರೆ ಏನೆಂದು ಈ ಬರಹ ಓದುವವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಖರ್ಚು 3 ಲಕ್ಷ 75 ಸಾವಿರ ಡಾಲರ್ ಆಸುಪಾಸಿಗೆ ಹೋಗಿತ್ತು.

ಎಡಿಟಿಂಗ್ ಕೋಣೆಯಲ್ಲಿ ಸಹಾಯಕ್ಕೆ ಇದ್ದವನು ಜೋಯೆಲ್ ಕೋಯೆನ್ ಎಂಬ ಯುವಕ. ನಮೂನೆ ಸಿನಿಮಾ ತೋರಿಸಿ ದುಡ್ಡು ಎತ್ತುವ ಇವರ ಉಪಾಯ ಅವನಿಗೆ ಹಿಡಿಸಿತು. ತಮ್ಮ ಈಥನ್ ಜೊತೆ ಸೇರಿ, ಇನ್ನೂ ಮಾಡದ ಸಿನಿಮಾಕ್ಕೆ ಎರಡು ನಿಮಿಷದ ಟ್ರೈಲರ್ ಮಾಡಿ, ಅದನ್ನು ಹೊತ್ತು ತಿರುಗಿ ‘ಬ್ಲಡ್ ಸಿಂಪಲ್’ಗೆ ಬಂಡವಾಳ ತಂದ. 1984ರಲ್ಲಿ ಆ ಸಿನಿಮಾ ಬಂತು. ಆ ಅಣ್ಣತಮ್ಮಂದಿರು ಮುಂದೆ ಆಸ್ಕರ್ ಗೆದ್ದರು.

1981ರ ಅಕ್ಟೋಬರ್ 15ರಂದು ಡೆಟ್ರಾಯಿಟ್‌ನ ರೆಡ್‌ಫರ್ಡ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ರೈಮಿ ಚಿಕ್ಕಂದಿನಲ್ಲಿ ಸಿನಿಮಾ ನೋಡುತ್ತಿದ್ದ ಥಿಯೇಟರ್ ಅದು. ಹೊರಗೆ ಆಂಬುಲೆನ್ಸ್ ನಿಲ್ಲಿಸಿದ್ದರು, ಹೆದರಿ ಬಿದ್ದವರನ್ನು ಸಾಗಿಸಲು ಎಂಬಂತೆ. ಗಿಮಿಕ್ಕು ನಮ್ಮ ಕಂಪನಿ ನಾಟಕದವರಿಗೂ ಹೊಸದಲ್ಲ. ಸುಮಾರು ಸಾವಿರ ಜನ ಬಂದರು. ಆಗ ಅದರ ಹೆಸರು ‘ಬುಕ್ ಆಫ್ ದಿ ಡೆಡ್’. ಇರ್ವಿನ್ ಶಪಿರೋ ಎಂಬ ಹಳೇ ಹಂಚಿಕೆದಾರ, ಪುಸ್ತಕ ಅಂದರೆ ಹುಡುಗರು ಓದಬೇಕಾಗುತ್ತದೆ ಎಂದುಕೊಳ್ಳುತ್ತಾರೆ ಎಂದು ಹೆಸರು ಬದಲಿಸಿದರು. ಅವರೇ 1982ರಲ್ಲಿ ಕಾನ್‌ಗೆ ಒಯ್ದರು. ಅಲ್ಲಿ ನೋಡಿದ ಕಾದಂಬರಿಕಾರ ಸ್ಟೀಫನ್ ಕಿಂಗ್ ಮೆಚ್ಚಿ ಲೇಖನ ಬರೆದರು, ಬಾಗಿಲು ತೆರೆಯಿತು. ಬ್ರಿಟನ್ನಿನಲ್ಲಿ ವಿಡಿಯೋ ಕ್ಯಾಸೆಟ್ಟಾಗಿ ಬಂದಾಗ ಪೊಲೀಸರು ಹುಡುಕಿ ಹಿಡಿಯುವ ‘ಕೆಟ್ಟ ಕ್ಯಾಸೆಟ್’ಗಳ ಪಟ್ಟಿಗೂ ಸೇರಿತು, ಮಾರಾಟದಲ್ಲೂ ಮುಂದಿತ್ತು. ದುಡ್ಡು ಹಾಕಿದವರಿಗೆ ಅದು ಮರಳಲು ಮಾತ್ರ ವರ್ಷಗಳು ಹಿಡಿದವು. ರೈಮಿ 2002ರಲ್ಲಿ ‘ಸ್ಪೈಡರ್‌ಮ್ಯಾನ್’ ಮಾಡಿದ, ನಿಮ್ಮ ಮನೆಯ ಮಕ್ಕಳೂ ನೋಡಿರಬಹುದು. ಮೊದಲ ಸಿನಿಮಾದ ಆ ಹಳೇ ಓಲ್ಡ್ಸ್‌ಮೊಬೈಲ್ ಕಾರು ಅದರಲ್ಲೂ ಇದೆ, ಅಂಕಲ್ ಬೆನ್ ಓಡಿಸುವ ಕಾರು.

ನಮ್ಮ ಕತೆ ಚಿಕ್ಕದು. ಇದನ್ನೆಲ್ಲ ತಿಳಿದ ಮೇಲೆ ಇನ್ನೊಂದು ಸಲ ಮಾಡಿ ತೋರಿಸುತ್ತೇವೆ ಎಂದು ಕೇಳಿಕೊಂಡೆವು, ಮಾರ್ಕ್ಸ್ ಕೊಡುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿದರು. ಬಿಳಿ ಸೀರೆ ತೊಳೆದು ವಾಪಸ್ ಕೊಟ್ಟೆವು. ಕೊಟ್ಟಿಗೆಯಲ್ಲಿ ಸಿಕ್ಕ ಆರಡಿ ಹಲಗೆಯ ನಡುವೆ ಫೋನನ್ನು ರಬ್ಬರ್ ಬ್ಯಾಂಡು, ಬಟ್ಟೆ ಚಿಂದಿಯಲ್ಲಿ ಬಿಗಿದೆವು. ಮುಂಜಾನೆ ಐದೂವರೆಗೆ ಕಬ್ಬಿನ ಗದ್ದೆಯ ಬದುವಿನ ಮೇಲೆ ಇಬ್ಬರು ಹಲಗೆ ಹಿಡಿದು ಓಡಿದರು. ಎರಡು ಸಲ ಕಾಲುವೆಗೆ ಬಿದ್ದರು, ಒಂದು ಸಲ ಫೋನೂ ಬಿತ್ತು, ಪುಣ್ಯಕ್ಕೆ ಕೆಸರು ಮೆತ್ತಗಿತ್ತು. ನೀರು ಹಾಯಿಸಲು ಬಂದ ರೈತರೊಬ್ಬರು ನಮ್ಮನ್ನು ನೋಡಿ ಏನು ಹೊತ್ತುಕೊಂಡು ಓಡುತ್ತಿದ್ದೀರಿ ಎಂದು ಟಾರ್ಚ್ ಬಿಟ್ಟರು. ಆ ಬೆಳಕೂ ಚಿತ್ರಕ್ಕೆ ಬಂತು, ತೆಗೆಯಲಿಲ್ಲ, ಅದೇ ಚೆನ್ನಾಗಿತ್ತು.

ಪಂಪ್‌ಸೆಟ್ ಮನೆಯೊಳಗೆ ಗೆಳತಿ ಮೋಟರ್ ಹಾಕಲು ಹೋಗುತ್ತಾಳೆ, ನಾವು ಕಬ್ಬಿನ ನಡುವಿನಿಂದ ಅವಳ ಕಡೆಗೆ ಬರುತ್ತೇವೆ, ಬಾಗಿಲ ಹತ್ತಿರ ಬಂದು ನಿಲ್ಲುತ್ತೇವೆ, ಮೋಟರಿನ ಸದ್ದು ನಿಲ್ಲುತ್ತದೆ. ಕಪ್ಪು ಪರದೆ, ಟೈಟಲ್.

ಕ್ಲಾಸಿನಲ್ಲಿ ಈ ಸಲ ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, ‘ಅವಳನ್ನ ನೋಡ್ತಾ ಇದ್ದದ್ದು ಯಾರು?’